ಲಾಗಿನ್ ಆಗದೆ ಫೈಲ್ ತರಿಸೋದು: ನನ್ನ ಫ್ರೆಕ್ ಅನುಭವ

ಬೇರೆ ಊರಿನ ಬಿಬಿಎಸ್‌ನಲ್ಲಿರುವ (ಮೋಡೆಮ್‌ನಿಂದ ಫೋನ್ ಮಾಡಿ ಸೇರುವ ಬುಲೆಟಿನ್ ಬೋರ್ಡ್ ಕಂಪ್ಯೂಟರ್) ಫೈಲ್ ಬೇಕಾದರೆ ಮಾಮೂಲಿ ದಾರಿ ಇತ್ತು: ಡಯಲ್ ಮಾಡಿ, ಹೊಸಬರಾದರೆ ರಾಶಿ ಪ್ರಶ್ನೆಗೆ ಉತ್ತರ ತುಂಬಿ, ಮೆನು ಮೇಲೆ ಮೆನು ದಾಟಿ ಡೌನ್‌ಲೋಡ್ ಮಾಡೋದು. ಅಷ್ಟೂ ಹೊತ್ತು ಲಾಂಗ್ ಡಿಸ್ಟೆನ್ಸ್ ಬಿಲ್ ಏರುತ್ತಲೇ ಇರುತ್ತಿತ್ತು. 90ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿದ್ದಾಗ ನಾನು ಬಿಬಿಎಸ್‌ಗಳು ಮೇಲ್, ಫೈಲ್ ಹಂಚಿಕೊಳ್ಳುವ ಫಿಡೋನೆಟ್ ಜಾಲದಲ್ಲಿ ಸಣ್ಣದೊಂದು ನೋಡ್, ಅಂದರೆ ಸ್ವಂತ ವಿಳಾಸವಿರುವ ಸಿಸ್ಟಂ, ಇಟ್ಟುಕೊಂಡಿದ್ದೆ. ಒಂದು ಡಾಸ್ ಪಿಸಿ, 14.4 ಮೋಡೆಮ್, ಬೇರೆ ನೋಡ್ ಜೊತೆ ಮೇಲ್, ಫೈಲ್ ಸಾಗಿಸುವ ಮೇಲರ್ ಪ್ರೋಗ್ರಾಂ ಆಗಿ ಬಿಂಕ್ಲಿಟರ್ಮ್. ಆಮೇಲೆ ಲಾಗಿನ್ ಗೊಡವೆಯೇ ಇರಲಿಲ್ಲ, ಫ್ರೆಕ್ ಮಾಡುತ್ತಿದ್ದೆ. ಫ್ರೆಕ್ ಅಂದರೆ ಮೇಲರ್ ಮೂಲಕವೇ ಫೈಲ್ ಕೇಳೋದು, ಫೈಲ್ ರಿಕ್ವೆಸ್ಟ್ ಅಂತ ಪೂರ್ತಿ ಹೇಳೋರು ಕಡಿಮೆ.

ಮೊದಲು ನೋಡ್‌ಲಿಸ್ಟ್, ಅಂದರೆ ಎಲ್ಲ ನೋಡ್‌ಗಳ ಪಟ್ಟಿ, ನೋಡಬೇಕು. ಆ ಸಿಸ್ಟಂನ ಸಾಲಿನಲ್ಲಿ ಎಕ್ಸ್‌ಎ, ಎಕ್ಸ್‌ಡಬ್ಲ್ಯು ಥರದ ಫ್ಲ್ಯಾಗ್ ಇದ್ದರೆ ಫ್ರೆಕ್ ನಡೆಯುತ್ತದೆ. ಸಿಎಂ ಅಂತಿದ್ದರೆ ಮೇಲರ್ ಇಡೀ ದಿನ ಎದ್ದಿರುತ್ತದೆ. ಆಮೇಲೆ ಕಳಿಸಬೇಕಾದ್ದನ್ನು ಇಡುವ ಔಟ್‌ಬೌಂಡ್ ಡೈರೆಕ್ಟರಿಯಲ್ಲಿ ಒಂದು ಟೆಕ್ಸ್ಟ್ ಫೈಲ್ ಮಾಡಬೇಕು. ಅದರ ಹೆಸರಲ್ಲೇ ವಿಳಾಸ ಇರುತ್ತದೆ: ನೆಟ್ ನಂಬರ್, ನೋಡ್ ನಂಬರ್ ಎರಡನ್ನೂ ಹೆಕ್ಸ್‌ಗೆ (16ರ ಆಧಾರದ ಸಂಖ್ಯೆಗೆ) ತಿರುಗಿಸಿ, ತಲಾ ನಾಲ್ಕು ಅಂಕಿಯಾಗಿ ಜೋಡಿಸಿ, ಕೊನೆಗೆ ಆರ್‌ಇಕ್ಯು ಎಕ್ಸ್‌ಟೆನ್ಷನ್ ಹಾಕೋದು. 234/56ಕ್ಕಾದರೆ (ನೆಟ್ 234, ನೋಡ್ 56) 00ಇಎ0038.ಆರ್‌ಇಕ್ಯು. ಒಳಗೆ ಸಾಲಿಗೊಂದು ಫೈಲ್ ಹೆಸರು. ಪಾಸ್‌ವರ್ಡ್ ಬೇಕಿದ್ದರೆ ಹೆಸರಾದ ಮೇಲೆ ಜಾಗ ಬಿಟ್ಟು ! ಹಾಕಿ ಬರೆಯೋದು. ಆ ನೋಡ್‌ಗೆ ಒಂದು ಪೋಲ್ ಹಾಕಿದರೆ, ಅಂದರೆ ಕರೆ ಮಾಡು ಅಂತ ಮೇಲರ್‌ಗೆ ಹೇಳಿದರೆ, ನಮ್ಮ ಕೆಲಸ ಮುಗೀತು. ಎರಡು ಮೇಲರ್‌ಗಳು ಮಾತಾಡಿಕೊಂಡು, ಆ ಕಡೆಯದು ಪಟ್ಟಿ ಓದಿ, ಅದೇ ಕರೆಯಲ್ಲಿ ಫೈಲ್ ಕಳಿಸಿ ಲೈನ್ ಬಿಡುತ್ತವೆ. 360 ಕೆಬಿಯ ಜಿಪ್ ಫೈಲ್‌ಗೆ ನಾಲ್ಕು ನಿಮಿಷ ಹಿಡಿಯುತ್ತಿತ್ತು.

ನನಗೆ ಜಾಸ್ತಿ ಇಷ್ಟವಾಗಿದ್ದು ಮ್ಯಾಜಿಕ್ ನೇಮ್, ಅಂದರೆ ನಿಜವಾದ ಫೈಲ್ ಹೆಸರಿನ ಬದಲು ಬರೆಯುವ ಗೊತ್ತಾದ ಪದ. ನೋಡ್‌ಲಿಸ್ಟ್‌ನ ವಾರದ ಬದಲಾವಣೆ ಪ್ರತಿ ಶುಕ್ರವಾರದ ಲೆಕ್ಕದಲ್ಲಿ ಬರುತ್ತದೆ, ಎಕ್ಸ್‌ಟೆನ್ಷನ್‌ನಲ್ಲಿ ವರ್ಷದ ಎಷ್ಟನೇ ದಿನ ಅನ್ನೋ ಅಂಕಿ. ಅದನ್ನೆಲ್ಲ ಎಣಿಸುತ್ತಾ ಕೂರೋರು ಯಾರು? ನೋಡ್‌ಡಿಫ್ ಅಂತ ಬರೆದರೆ ಸಾಕು, ಹೊಸದು ಯಾವುದೋ ಅದೇ ಬರುತ್ತದೆ. ಫೈಲ್ಸ್ ಅಂದರೆ ಅಲ್ಲಿರೋ ಪೂರ್ತಿ ಪಟ್ಟಿ, ಅಬೌಟ್ ಅಂದರೆ ಆ ಬಿಬಿಎಸ್ ಪರಿಚಯ. ಗೊತ್ತಿಲ್ಲದ ಸಿಸ್ಟಂ ಆದರೆ ನಾನು ಮೊದಲ ಕರೆಯಲ್ಲಿ ಇವೆರಡನ್ನು ಮಾತ್ರ ಕೇಳುತ್ತಿದ್ದೆ. ಹೆಸರು ಊಹೆ ಮಾಡಿ ಸುಮ್ನೆ ಬರೆದರೆ ಕರೆ ದುಡ್ಡು ಹೋಗುತ್ತೆ, ಫೈಲ್ ಬರಲ್ಲ.

ಹೊತ್ತನ್ನೂ ನೋಡಬೇಕು. ಉತ್ತರ ಅಮೆರಿಕದ ಝೋನ್ 1ರಲ್ಲಿ ಯುಟಿಸಿ 9ರಿಂದ 10, ಅಂದರೆ ಚಳಿಗಾಲದಲ್ಲಿ ಪೂರ್ವ ಕರಾವಳಿಯವರಿಗೆ ಬೆಳಗಿನ ಜಾವ 4ರಿಂದ 5, ಝೋನ್ ಮೇಲ್ ಅವರ್. ಅದು ನೆಟ್‌ಮೇಲ್‌ಗೆ (ಒಬ್ಬರಿಂದ ಒಬ್ಬರಿಗೆ ಹೋಗುವ ಪತ್ರಗಳಿಗೆ) ಮೀಸಲು, ಫ್ರೆಕ್ ಮಾಡುವ ಹಾಗಿಲ್ಲ. ಫೋನ್ ದರ ಕಡಿಮೆ ಇರುತ್ತಿದ್ದ ರಾತ್ರಿಯಲ್ಲೇ, ಆದರೆ ಅದಕ್ಕೂ ಮುಂಚೆ ನನ್ನ ಕರೆಗಳು ಮುಗಿಯುವಂತೆ ಹಾಕಿರುತ್ತಿದ್ದೆ.

ನನ್ನ ಕಡೆಯಿಂದ ಕೊಡುವಾಗಲೂ ಮಿತಿ ಇಟ್ಟಿದ್ದೆ. ಒಂದು ಕರೆಗೆ ಇಷ್ಟೇ ನಿಮಿಷ, ನೋಡ್‌ಲಿಸ್ಟ್‌ನಲ್ಲಿ ಇರುವವರಿಗೆ ಮಾತ್ರ. ಯಾರೋ ಒಬ್ಬರು ಸ್ಟಾರ್ ಡಾಟ್ ಜಿಪ್ (ಇರೋ ಜಿಪ್ ಫೈಲ್ ಎಲ್ಲಾ) ಅಂತ ಕೇಳಿ ಇಡೀ ರಾತ್ರಿ ಇದ್ದ ಒಂದೇ ಲೈನ್ ಹಿಡಿದರೆ ಉಳಿದವರ ಗತಿ ಏನು, ಅಲ್ವಾ?

ಈಗ ಇಂಟರ್‌ನೆಟ್ ಮೇಲೆ ನಡೆಯುವ ಬಿಂಕ್‌ಡಿ ಮೇಲರ್ ಹಾಕಿಕೊಂಡಿದ್ದೇನೆ, ಫೋನ್ ಬದಲು ಟಿಸಿಪಿ ಪೋರ್ಟ್ 24554. ಕೇಳೋದು ಅದೇ ಆರ್‌ಇಕ್ಯು ಫೈಲ್‌ನಿಂದ. ಕೊಡೋದಕ್ಕೆ ಮಾತ್ರ ಎಸ್‌ಆರ್‌ಐಎಫ್ (ಬಂದ ರಿಕ್ವೆಸ್ಟ್‌ನ ವಿವರವನ್ನು ಮೇಲರ್ ಬೇರೆ ಪ್ರೋಗ್ರಾಂಗೆ ದಾಟಿಸುವ ಫೈಲ್) ಅರ್ಥವಾಗುವ ಪ್ರತ್ಯೇಕ ಪ್ರೋಗ್ರಾಂ ಜೋಡಿಸಬೇಕು, ಬಿಂಕ್‌ಡಿ ತಾನಾಗಿ ಫೈಲ್ ಹುಡುಕಿ ಕೊಡೋದಿಲ್ಲ.