ಆಫೀಸಿನ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆಯೇ? ಹೀಗೆ ಪತ್ತೆ ಮಾಡಿ

"ಕಂಪ್ಯೂಟರ್ ಯಾಕೋ ಸ್ಲೋ ಆಗಿದೆ." ಬಿಲ್ಲಿಂಗ್ ಕೌಂಟರಿನಲ್ಲಿ, ಆಡಿಟರ್ ಆಫೀಸಿನಲ್ಲಿ ಈ ಮಾತು ದಿನಾ ಕೇಳುತ್ತದೆ. ಸ್ಲೋ ಆಗಿದ್ದಕ್ಕೆಲ್ಲ ವೈರಸ್ಸೇ ಕಾರಣವಲ್ಲ. ಹಳೆಯ ಹಾರ್ಡ್ ಡಿಸ್ಕ್ ಇದ್ದರೂ, ವಿಂಡೋಸ್ ಅಪ್‌ಡೇಟ್ ನಡೆಯುತ್ತಿದ್ದರೂ ಹಾಗಾಗುತ್ತದೆ. ಆದರೆ ಯಾವ ಕೆಲಸವೂ ನಡೆಯದಿದ್ದಾಗ ಫ್ಯಾನ್ ಜೋರಾಗಿ ತಿರುಗುತ್ತಲೇ ಇದ್ದರೆ ಸುಮ್ನೆ ಬಿಡಬೇಡಿ.

ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 'ಸಿಪಿಯು' ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ಶಕ್ತಿ ಎಳೆಯುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ಗೊತ್ತಿಲ್ಲದ ಹೆಸರು ಕಂಡರೆ ರೈಟ್ ಕ್ಲಿಕ್ ಮಾಡಿ, ಅದರ ಫೈಲ್ ಎಲ್ಲಿದೆ ಅಂತ ನೋಡಿ. ವಿಂಡೋಸಿನ ಪ್ರೋಗ್ರಾಂ ಹೆಸರಿಟ್ಟುಕೊಂಡು ಟೆಂಪ್ ಅಥವಾ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕೂತಿದ್ದರೆ ಅದು ಅಸಲಿಯಲ್ಲ.

ಆಮೇಲೆ 'ವಿಂಡೋಸ್ ಸೆಕ್ಯುರಿಟಿ' ತೆರೆಯಿರಿ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಸುಳಿವು ಸಿಗುವುದು ಇಲ್ಲೇ. ಬೇರೆ ಆಂಟಿವೈರಸ್ ಹಾಕಿಲ್ಲ, 'ರಿಯಲ್ ಟೈಮ್ ಪ್ರೊಟೆಕ್ಷನ್' ನೀವಾಗಿ ಆಫ್ ಮಾಡಿಲ್ಲ. ಆದರೂ ಅದು ಆಫ್ ಆಗಿದೆ, ಆನ್ ಮಾಡಿದರೂ ಮತ್ತೆ ಆಫ್ ಆಗುತ್ತಿದೆ ಅಂದರೆ ಒಳಗೆ ಯಾರೋ ಇರಬಹುದು. ಕಳ್ಳ ಮೊದಲು ಕಾವಲು ನಾಯಿಯ ಬಾಯಿ ಮುಚ್ಚಿಸುತ್ತಾನೆ, ಅಲ್ವಾ? ಅಲ್ಲೇ 'ಎಕ್ಸ್‌ಕ್ಲೂಷನ್ಸ್' ಪಟ್ಟಿಯನ್ನೂ ನೋಡಿ. ಅದರಲ್ಲಿರುವ ಫೋಲ್ಡರುಗಳನ್ನು ಆಂಟಿವೈರಸ್ ಮುಟ್ಟುವುದಿಲ್ಲ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿದ್ದರೆ ಇಡೀ ಸಿ ಡ್ರೈವೇ ಆ ಪಟ್ಟಿಗೆ ಸೇರಿರಬಹುದು.

ಇಮೇಲಿನಲ್ಲಿ ಫಾರ್ವರ್ಡಿಂಗ್ ಸೆಟ್ಟಿಂಗ್ ಪರೀಕ್ಷಿಸಿ. ಪಾಸ್‌ವರ್ಡ್ ಕದ್ದವರು ಮೇಲ್‌ಗಳ ಪ್ರತಿ ತಮಗೆ ಹೋಗುವಂತೆ ಮಾಡಿರುತ್ತಾರೆ. "ನಿಮ್ಮ ಬ್ಯಾಂಕ್ ಖಾತೆ ಬದಲಾಯ್ತಂತೆ, ಮೇಲ್ ಬಂತು" ಅಂತ ಗ್ರಾಹಕರು ಫೋನ್ ಮಾಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ನಿಮ್ಮ ಹೆಸರಿನಲ್ಲಿ ಕಳ್ಳರೇ ಆ ಮೇಲ್ ಕಳಿಸಿರಬಹುದು. ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೂ ಅನುಮಾನ ಪಡಿ, ಕ್ಲಿಕ್ ಮಾಡಬೇಡಿ.

ಫೈಲುಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳು ಸೇರಿ, ಯಾವುದೂ ತೆರೆಯದೇ ಹೋದರೆ ಅದು ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ವೈರಸ್, ಅಂದರೆ ರ್‍ಯಾನ್ಸಮ್‌ವೇರ್. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹೀಗೇ ಫೈಲುಗಳಿಗೆ ಬೀಗ ಹಾಕಿ 300 ಡಾಲರ್ ಬಿಟ್‌ಕಾಯಿನ್ ಕೇಳಿತ್ತು. ಅದು ನುಗ್ಗಿದ ದಾರಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಅನುಮಾನ ಬಂದ ಕೂಡಲೇ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಗಾಬರಿಯಲ್ಲಿ ಟ್ಯಾಲಿ ಬ್ಯಾಕಪ್ ಇರುವ ಹಾರ್ಡ್ ಡಿಸ್ಕನ್ನು ಮಾತ್ರ ದಯವಿಟ್ಟು ಆ ಕಂಪ್ಯೂಟರಿಗೆ ಚುಚ್ಚಬೇಡಿ. ಉಳಿದಿರುವ ಒಂದೇ ಪ್ರತಿಯೂ ಹೋಗಿಬಿಡುತ್ತದೆ. ಪರದೆಯ ಫೋಟೊ ತೆಗೆದಿಡಿ. ವಿಂಡೋಸಿನದೇ ಆಂಟಿವೈರಸ್ ಡಿಫೆಂಡರ್‌ನ 'ಆಫ್‌ಲೈನ್ ಸ್ಕ್ಯಾನ್' ಮಾಡಿಸಿ. ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಾಯಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ಕೇಂದ್ರ ಸರ್ಕಾರದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಗೂ ತಿಳಿಸಬೇಕು ಎಂದು 2022ರ ಸರ್ಕಾರಿ ಆದೇಶ ಹೇಳುತ್ತದೆ.