ಹುಟ್ಟಿನಿಂದ ಹೃದಯದ ತೊಂದರೆ ಇರುವವರಿಗೆ ಕೊರೊನಾ ಬಂದಾಗ: ಮನೆಯಲ್ಲಿ ನೋಡಬೇಕಾದದ್ದು, ಆಸ್ಪತ್ರೆಯಲ್ಲಿ ಹೇಳಬೇಕಾದದ್ದು

"ಹಾರ್ಟಲ್ಲಿ ಹೋಲ್ ಇದೆ, ಕೊರೊನಾ ಬಂದರೆ ಏನು ಗತಿ?" ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಚಿಕ್ಕಂದಿನಲ್ಲೇ ರಂಧ್ರ ಮುಚ್ಚಿಸಿಕೊಂಡು, ಈಗ ಮಾತ್ರೆಯೂ ಇಲ್ಲದೆ ಓಡಾಡುತ್ತಿರುವ ಹುಡುಗನಿಗೆ ಬಹುಮಟ್ಟಿಗೆ ಓರಗೆಯವರಿಗೆ ಇರುವಷ್ಟೇ ಅಪಾಯ. ಅದೇ ರಂಧ್ರ ಮುಚ್ಚದೆ ಉಳಿದು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ, ತುಟಿ ಉಗುರು ನೀಲಿಗಟ್ಟಿದ್ದರೆ ಲೆಕ್ಕ ಬೇರೆ.

ಹಲವು ದೇಶಗಳ 58 ಕೇಂದ್ರಗಳು ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಕೊರೊನಾ ತಗುಲಿದ, ಜನ್ಮಜಾತ ಹೃದ್ರೋಗದ 1,044 ವಯಸ್ಕರಲ್ಲಿ 24 ಮಂದಿ ತೀರಿಕೊಂಡರು. ಹೃದಯದ ರಚನೆ ಎಷ್ಟು ಜಟಿಲ ಎಂಬುದಕ್ಕಿಂತ ಈಗ ಅದು ಹೇಗೆ ಕೆಲಸ ಮಾಡುತ್ತಿದೆ ಎಂಬುದೇ ಅಪಾಯವನ್ನು ತೀರ್ಮಾನಿಸಿತ್ತು. ನೀಲಿಗಟ್ಟುವಿಕೆ, ಶ್ವಾಸಕೋಶದ ಅಧಿಕ ಒತ್ತಡ, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಹಿಂದೆ ಹಾರ್ಟ್ ಫೇಲ್ಯೂರ್‌ ಆಗಿ ಆಸ್ಪತ್ರೆ ಸೇರಿದ್ದು, ಗಂಡಸಾಗಿರುವುದು: ಇವು ಅಪಾಯ ಹೆಚ್ಚಿಸಿದ ಸಂಗತಿಗಳು. ಆದರೆ ಆಸ್ಪತ್ರೆಗೆ ಸೇರುವಷ್ಟು ಜೋರಾದರೆ ಈ ಹೃದಯಗಳಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಅಮೆರಿಕದಲ್ಲಿ 2020ರ ಮಾರ್ಚ್‌ನಿಂದ 2021ರ ಜನವರಿವರೆಗೆ ದಾಖಲಾದವರನ್ನು ಹೋಲಿಸಿದಾಗ, ಹೃದಯದ ದೋಷ ಇದ್ದವರಲ್ಲಿ ಶೇ. 54ರಷ್ಟು ಮಂದಿಗೆ ಐಸಿಯು ಬೇಕಾಯಿತು, ಉಳಿದವರಲ್ಲಿ ಶೇ. 43. ಸಾವು ಶೇ. 11 ಮತ್ತು ಶೇ. 7. ಲಸಿಕೆ ಇನ್ನೂ ಜನರ ಕೈಗೆ ಸಿಗದ ಕಾಲದ ಅಂಕಿಗಳಿವು, ಅದನ್ನು ಮರೆಯಬಾರದು.

ನಿಮ್ಮ ಅಂಕಿ ನಿಮಗೆ ಗೊತ್ತಿರಲಿ

ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಓಡಿ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ರಕ್ತದಲ್ಲಿ ಆಕ್ಸಿಜನ್ ಯಾವಾಗಲೂ ಕಡಿಮೆ ಇರುವ ನೀಲಿ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ. ಗ್ಲೆನ್ ಆಪರೇಷನ್ (ಮೈಯ ಮೇಲ್ಭಾಗದ ಅಶುದ್ಧ ರಕ್ತವನ್ನು ನೇರ ಶ್ವಾಸಕೋಶಕ್ಕೆ ಹರಿಸುವುದು) ಆದ ಮಗು ಆರಾಮಾಗಿ ಆಡುತ್ತಿರುವಾಗಲೂ 75ರಿಂದ 85ರ ನಡುವೆ ಇರುತ್ತದೆ. ಆ ಮಗುವಿಗೆ 82 ಎಂದರೆ ಎಲ್ಲ ಸರಿ. ಅದೇ ದಿನವೂ 93 ತೋರಿಸುವ, ಫಾಂಟನ್ (ಕೆಳಭಾಗದ ಅಶುದ್ಧ ರಕ್ತವನ್ನೂ ಹಾಗೆಯೇ ಹರಿಸುವ ಮುಂದಿನ ಆಪರೇಷನ್) ಆದ ಹುಡುಗಿಗೆ 88 ಬಂದರೆ ಏನೋ ಕೆಟ್ಟಿದೆ ಎಂದರ್ಥ.

ಆದ್ದರಿಂದ ಚೆನ್ನಾಗಿರುವಾಗಲೇ ಒಂದು ವಾರ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ. ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಬೇಕು. ಬೆರಳು ಬೆಚ್ಚಗಿರಬೇಕು, ಉಗುರಿಗೆ ನೇಲ್ ಪಾಲಿಶ್, ಮೆಹಂದಿ ಇರಬಾರದು. ತೆರೆಯ ಮೇಲೆ ಮೊದಲು ಮಿನುಗುವ ಅಂಕಿಯನ್ನಲ್ಲ, ಅರ್ಧ ನಿಮಿಷ ಅಲುಗದೆ ನಿಂತ ಅಂಕಿಯನ್ನು ತೆಗೆದುಕೊಳ್ಳಿ. ಪ್ರತಿ ಸಲವೂ ಅದೇ ಬೆರಳು. ಪಿಡಿಎ (ಹುಟ್ಟಿದ ಮೇಲೆ ತಾನಾಗಿ ಮುಚ್ಚಬೇಕಾದ, ಹೃದಯದ ಬಳಿಯ ರಕ್ತನಾಳ) ಮುಚ್ಚದೆ ಐಸೆನ್‌ಮೆಂಗರ್ (ಶ್ವಾಸಕೋಶದ ಒತ್ತಡ ಏರಿ ಅಶುದ್ಧ ರಕ್ತ ಮೈಗೆ ಹರಿಯುವ ಸ್ಥಿತಿ) ಆಗಿರುವವರಲ್ಲಿ ಕೈಬೆರಳಿಗಿಂತ ಕಾಲ್ಬೆರಳಿನ ಅಂಕಿ ಕಡಿಮೆ ಇರುತ್ತದೆ, ಹಾಗಾಗಿ ಎರಡನ್ನೂ ಬರೆದುಕೊಳ್ಳಿ.

ಕಾಯಿಲೆ ಬಂದಾಗ ನಿಮ್ಮ ಮಾಮೂಲಿ ಅಂಕಿಗಿಂತ 3–4 ಇಳಿದು ಮೇಲೇಳದೆ ನಿಂತರೆ ಹೃದಯ ವೈದ್ಯರಿಗೆ ಫೋನ್ ಮಾಡಿ. 5 ಇಳಿದರೆ ಆಸ್ಪತ್ರೆಗೆ ಹೊರಡಿ. ನಿಮ್ಮ ವೈದ್ಯರು ಬೇರೆ ಮಿತಿ ಹೇಳಿದ್ದರೆ ಅದನ್ನೇ ಹಿಡಿಯಿರಿ.

ಉಸಿರಿನ ಎಣಿಕೆಯೂ ಅಷ್ಟೇ ಮುಖ್ಯ. ಮಗು ಮಲಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40: ಇಷ್ಟು ಮುಟ್ಟಿದರೆ ವೇಗದ ಉಸಿರು. ಹೃದಯದ ತೊಂದರೆ ಇರುವ ಕೆಲವು ಕೂಸುಗಳು ಯಾವಾಗಲೂ ಈ ಗಡಿಯ ಹತ್ತಿರವೇ ಉಸಿರಾಡುತ್ತವೆ. ಅದಕ್ಕೇ ಇದನ್ನೂ ಮೊದಲೇ ಬರೆದಿಟ್ಟಿರಬೇಕು.

ಜ್ವರ ಇಳಿಸುವುದು

ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಹೃದಯ ನಿಮಿಷಕ್ಕೆ ಸುಮಾರು ಹತ್ತು ಸಲ ಹೆಚ್ಚು ಬಡಿಯುತ್ತದೆ. ಮೊದಲೇ ದಣಿದ ಹೃದಯಕ್ಕೆ ಅದು ಹೊರೆ. ಪ್ಯಾರಾಸಿಟಮಾಲ್ ಸಾಕು: ಪ್ರತಿ ಕಿಲೋ ತೂಕಕ್ಕೆ 10–15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಎಡವುವುದು ಬಾಟಲಿಯಲ್ಲಿ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಬೇಕು ಎಂದಿಟ್ಟುಕೊಳ್ಳಿ. 5 ಮಿಲಿಗೆ 250 ಇರುವ ಸಿರಪ್ಪಾದರೆ 3 ಮಿಲಿ, 5 ಮಿಲಿಗೆ 120 ಇರುವುದಾದರೆ 6 ಮಿಲಿ, 1 ಮಿಲಿಗೆ 100 ಇರುವ ಡ್ರಾಪ್ಸಾದರೆ ಒಂದೂವರೆ ಮಿಲಿ ಮಾತ್ರ. ಡ್ರಾಪ್ಸನ್ನು ಸಿರಪ್ಪಿನ ಚಮಚದಲ್ಲಿ ಅಳೆದರೆ ಮೂರು ನಾಲ್ಕು ಪಟ್ಟು ಹೋಗಿಬಿಡುತ್ತದೆ. ಫಾಂಟನ್ ಆದವರಿಗೆ ಯಕೃತ್ತಿನ ಮೇಲೆ ಮೊದಲೇ ಒತ್ತಡ ಇರುವುದರಿಂದ ದಿನದ ಮಿತಿಯನ್ನು ವೈದ್ಯರಿಂದ ಕೇಳಿ ತಿಳಿಯಿರಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್ ತಾವಾಗಿ ತೆಗೆದುಕೊಳ್ಳಬೇಡಿ. ಮೈಯಲ್ಲಿ ನೀರು ನಿಲ್ಲಿಸುತ್ತವೆ, ಮೂತ್ರಪಿಂಡಕ್ಕೆ ಭಾರ, ರಕ್ತ ತೆಳುವಾಗಿಸುವ ಔಷಧದ ಜೊತೆ ಸೇರಿದರೆ ರಕ್ತಸ್ರಾವ. ಮೆಡಿಕಲ್ ಶಾಪಿನವರು ನೆಗಡಿಗೆಂದು ಕೊಡುವ ಮಾತ್ರೆ, ಸಿರಪ್‌ಗಳಲ್ಲಿ ಫೀನೈಲೆಫ್ರಿನ್ ಇರುವುದುಂಟು. ಅದು ರಕ್ತದೊತ್ತಡ ಏರಿಸುತ್ತದೆ. ಜೊತೆಗೆ ಪ್ಯಾರಾಸಿಟಮಾಲ್ ಕೂಡ ಸೇರಿದ್ದರೆ ಅದರ ಪ್ರಮಾಣ ದುಪ್ಪಟ್ಟಾಗುತ್ತದೆ.

ಇನ್ನು ಕಷಾಯ. ಶುಂಠಿ, ಜೀರಿಗೆ, ತುಳಸಿಯ ಒಂದು ಲೋಟದಿಂದ ಏನೂ ಆಗದು. ಆದರೆ ಅತಿಮಧುರ ಬೇಡ. ಅದು ಪೊಟ್ಯಾಸಿಯಂ ಇಳಿಸುತ್ತದೆ, ನೀರು ನಿಲ್ಲಿಸುತ್ತದೆ. ಲ್ಯಾಸಿಕ್ಸ್ (ಮೂತ್ರ ಹೆಚ್ಚಿಸಿ ನೀರು ಇಳಿಸುವ ಮಾತ್ರೆ), ಡಿಜಾಕ್ಸಿನ್ (ಹೃದಯದ ಬಡಿತಕ್ಕೆ ಬಲ ಕೊಡುವ ಔಷಧ) ತೆಗೆದುಕೊಳ್ಳುವವರಲ್ಲಿ ಇದರಿಂದ ಬಡಿತ ಅಡ್ಡಾದಿಡ್ಡಿಯಾಗಬಹುದು. ಎಳನೀರಿನ ಕತೆ ತದ್ವಿರುದ್ಧ: ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಪೊಟ್ಯಾಸಿಯಂ ಮೈಯಲ್ಲೇ ಉಳಿಸುವ ಎನಾಲಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಇರುವವರು ದಿನಕ್ಕೆ ಮೂರು ನಾಲ್ಕು ಕುಡಿಯುವುದು ಒಳ್ಳೆಯದಲ್ಲ.

ನೀರು: ಯಾರಿಗೆ ಎಷ್ಟು

ಫಾಂಟನ್ ಆದವರಲ್ಲಿ ಶ್ವಾಸಕೋಶಕ್ಕೆ ರಕ್ತ ತಳ್ಳುವ ಪಂಪೇ ಇಲ್ಲ, ರಕ್ತ ತಾನಾಗಿ ಹರಿದು ಹೋಗಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಆ ಹರಿವೇ ಕುಗ್ಗುತ್ತದೆ, ತಲೆಸುತ್ತು ಬರುತ್ತದೆ. ಬಿಟಿ ಶಂಟ್ (ಶ್ವಾಸಕೋಶಕ್ಕೆ ರಕ್ತ ಒಯ್ಯಲು ಹಾಕಿದ ಸಣ್ಣ ಕೃತಕ ನಳಿಕೆ) ಇರುವ ಕೂಸಿಗೆ ನೀರು ಕಡಿಮೆಯಾದರೆ ಶಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ನೀಲಿಗಟ್ಟಿದವರ ರಕ್ತ ಮೊದಲೇ ಗಟ್ಟಿ, ಒಣಗಿದರೆ ಪಾರ್ಶ್ವವಾಯುವಿನ ಭಯ. ಇವರಿಗೆಲ್ಲ ಒಂದು ಲೀಟರ್ ನೀರಿಗೆ ದೊಡ್ಡ ಪೊಟ್ಟಣ ಓಆರ್‌ಎಸ್ ಪೂರ್ತಿ ಕಲಸಿ, ಗುಟುಕು ಗುಟುಕಾಗಿ ಕೊಡುತ್ತಿರಿ. ಆರೆಂಟು ಗಂಟೆ ಮೂತ್ರವಿಲ್ಲ ಎಂದರೆ ಕಾಯಬೇಡಿ. ಹಾಲು ಕುಡಿಯುವ ಕೂಸಿಗೆ ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ಕುಡಿಯುವಾಗ ಹಣೆ ಬೆವರಿ, ಅರ್ಧಕ್ಕೇ ಬಿಟ್ಟು ನಿದ್ದೆ ಹೋದರೆ ಅದು ಹೊಟ್ಟೆ ತುಂಬಿದ ಲಕ್ಷಣವಲ್ಲ, ಸುಸ್ತು.

ಹಾರ್ಟ್ ಫೇಲ್ಯೂರ್‌ಗಾಗಿ ನೀರಿನ ಮಿತಿ ಹಾಕಿಸಿಕೊಂಡವರು ಮಾತ್ರ ಈ ಸಲಹೆಯನ್ನು ಹಾಗೇ ಅನುಸರಿಸಬಾರದು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ ನೋಡಿ. ವಯಸ್ಕರಲ್ಲಿ ಮೂರು ದಿನದಲ್ಲಿ 2 ಕಿಲೋ ಏರಿದರೆ ನೀರು ನಿಂತಿದೆ. ವಾಂತಿ ಭೇದಿಯಿಂದ ಅಷ್ಟೇ ಇಳಿದಿದ್ದರೆ ಲ್ಯಾಸಿಕ್ಸ್, ಎನಾಲಪ್ರಿಲ್ ಮುಂದುವರಿಸಬೇಕೇ ಎಂದು ಅದೇ ದಿನ ಕೇಳಿ. ಎನಾಲಪ್ರಿಲ್ ಬಗೆಯ ಮಾತ್ರೆಗಳಿಂದ ಕೊರೊನಾ ಜೋರಾಗುತ್ತದೆ ಎಂದು 2020ರಲ್ಲಿ ಎದ್ದ ಭಯ ನಿಜವಾಗಲಿಲ್ಲ. ಆ ಕಾರಣಕ್ಕೆ ಬಿಡಬೇಡಿ.

ಶ್ವಾಸಕೋಶದ ಒತ್ತಡ ಇಳಿಸುವ ಸಿಲ್ಡೆನಾಫಿಲ್ ಅಂತೂ ಒಂದು ದಿನವೂ ತಪ್ಪಬಾರದು, ಥಟ್ಟನೆ ನಿಲ್ಲಿಸಿದರೆ ಶ್ವಾಸಕೋಶದ ಒತ್ತಡ ಚಿಮ್ಮುತ್ತದೆ. ಮನೆಯಲ್ಲಿ ಎರಡು ವಾರಕ್ಕಾಗುವಷ್ಟು ಇರಲಿ. ರಕ್ತ ತೆಳುವಾಗಿಸುವ ಅಸಿಟ್ರೋಮ್ ಅಥವಾ ವಾರ್ಫರಿನ್ ಇದ್ದರೆ ಜ್ವರ ಶುರುವಾದ ಮೂರರಿಂದ ಐದು ದಿನದೊಳಗೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಪರೀಕ್ಷೆ) ಮಾಡಿಸಿ. ಊಟ ಸೇರದಿದ್ದರೂ ಏರುತ್ತದೆ, ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಸೇರಿದರೂ ಏರುತ್ತದೆ. ಕೊರೊನಾಗೆಂದೇ ಬಂದ ನಿರ್ಮಾಟ್ರೆಲ್ವಿರ್–ರಿಟೊನಾವಿರ್ ಜೋಡಿಯು ಅಮಿಯೊಡರೋನ್ (ಬಡಿತ ಹತೋಟಿಯಲ್ಲಿಡುವ ಮಾತ್ರೆ), ಸಿಲ್ಡೆನಾಫಿಲ್ ಜೊತೆ ಹೊಂದುವುದಿಲ್ಲ. ಬರೆದುಕೊಡುವವರಿಗೆ ನಿಮ್ಮ ಮಾತ್ರೆಗಳ ಪಟ್ಟಿ ತೋರಿಸಿ.

ಜ್ವರ ಕೊರೊನಾದ್ದೇ ಎಂದು ನಂಬಬೇಡಿ

ಕೃತಕ ಕವಾಟ ಇರುವವರಲ್ಲಿ, ನೀಲಿಗಟ್ಟಿದವರಲ್ಲಿ, ಹೃದಯದ ಒಳಪದರಕ್ಕೆ ಸೋಂಕು ತಗುಲುವ ಸಂಭವ ಹೆಚ್ಚು. ಕೊರೊನಾ ಪರೀಕ್ಷೆ ಪಾಸಿಟಿವ್ ಬಂದಿತೆಂದು ಎಲ್ಲರೂ ಸುಮ್ಮನಾಗಿ, ವಾರಗಟ್ಟಲೆ ಜ್ವರ ಎಳೆಯುವುದು ಹೀಗೆಯೇ. ಐದಾರು ದಿನವಾದರೂ ಜ್ವರ ಬಿಡದಿದ್ದರೆ ರಕ್ತದಲ್ಲಿ ಕ್ರಿಮಿ ಇದೆಯೇ ಎಂದು ನೋಡುವ ಬ್ಲಡ್ ಕಲ್ಚರ್ ಕೇಳಿ. ಆಂಟಿಬಯೋಟಿಕ್ ನುಂಗುವ ಮೊದಲೇ ರಕ್ತ ಕೊಡಬೇಕು, ನುಂಗಿದ ಮೇಲೆ ಕೊಟ್ಟರೆ ಕ್ರಿಮಿ ಸಿಗದೇ ಹೋಗಬಹುದು. ಹುಟ್ಟಿನಿಂದ ಗುಲ್ಮ (ಸೋಂಕು ತಡೆಯಲು ನೆರವಾಗುವ, ಹೊಟ್ಟೆಯ ಎಡಭಾಗದ ಅಂಗ) ಇಲ್ಲದ ಮಕ್ಕಳಿಗೆ ಯಾವ ಜ್ವರವಾದರೂ ತುರ್ತೇ. ಅಂದೇ ತೋರಿಸಬೇಕು.

ಹೊರಡುವಾಗ

ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಬಡಿತ ಇದ್ದಕ್ಕಿದ್ದಂತೆ ಜೋರಾಗಿ ನಿಲ್ಲದಿದ್ದರೆ, ಪಕ್ಕೆಲುಬಿನ ನಡುವೆ ಗುಳಿ ಬೀಳುವಂತೆ ಉಸಿರಾಡುತ್ತಿದ್ದರೆ 108ಕ್ಕೆ ಕರೆಮಾಡಿ. ಫ್ಯಾಲೊಟ್ (ನಾಲ್ಕು ದೋಷ ಒಟ್ಟಿಗಿರುವ ಹೃದ್ರೋಗ) ಇರುವ ಕೂಸು ಅತ್ತು ಅತ್ತು ಕಡುನೀಲಿಯಾದರೆ, ಮಂಡಿಗಳನ್ನು ಎದೆಗೆ ಒತ್ತಿ ಹಿಡಿದು, ಎತ್ತಿಕೊಂಡು ಸಮಾಧಾನಪಡಿಸಿ. ಹಾಗೆ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಕೈಯಲ್ಲಿ ಒಂದು ಹಾಳೆ ಇರಲಿ: ದೋಷದ ಹೆಸರು, ಆದ ಆಪರೇಷನ್‌ಗಳು, ಮಾಮೂಲಿ ಆಕ್ಸಿಜನ್ ಅಂಕಿ, ಮಾತ್ರೆಗಳು, ಹೃದಯ ವೈದ್ಯರ ಫೋನ್. ಜೊತೆಗೆ ಕೊನೆಯ ಎಕೊ (ಹೃದಯದ ಸ್ಕ್ಯಾನ್) ವರದಿ. ಕ್ಯಾಶುವಾಲ್ಟಿಯಲ್ಲಿ ಮೂರು ಮಾತು ಬಾಯಿಬಿಟ್ಟು ಹೇಳಿ. ಒಂದು, "ಇವನ ಆಕ್ಸಿಜನ್ ಯಾವಾಗಲೂ 80, ಅದನ್ನು 98 ಮಾಡಬೇಡಿ." ಒಂದೇ ಕುಹರದ (ರಕ್ತ ತಳ್ಳುವ ಕೋಣೆ ಒಂದೇ ಇರುವ) ಕೂಸಿಗೆ ಆಕ್ಸಿಜನ್ ಅತಿಯಾದರೆ ರಕ್ತವೆಲ್ಲ ಶ್ವಾಸಕೋಶದ ಕಡೆಗೇ ಹರಿದು ಮೈಗೆ ಕಡಿಮೆಯಾಗುತ್ತದೆ. ಎರಡು, ಡ್ರಿಪ್ ನಳಿಕೆಯಲ್ಲಿ ಗಾಳಿಗುಳ್ಳೆ ಇರಬಾರದು. ನೀಲಿಗಟ್ಟಿದವರಲ್ಲಿ ಅದು ನೇರ ಮಿದುಳಿಗೆ ಹೋಗಬಹುದು. ಮೂರು, ಶಂಟ್ ಹಾಕಿದ ಕಡೆಯ ತೋಳಿನಲ್ಲಿ ಬಿಪಿ ತಪ್ಪಾಗಿ ಕಡಿಮೆ ತೋರಿಸಬಹುದು, ಇನ್ನೊಂದು ತೋಳಿನಲ್ಲಿ ನೋಡಿ. ಫಾಂಟನ್ ಆದವರನ್ನು ವೆಂಟಿಲೇಟರ್‌ಗೆ ಹಾಕುವ ಮಾತು ಬಂದರೆ ಮೊದಲು ಅವರ ಹೃದಯ ವೈದ್ಯರ ಜೊತೆ ಮಾತಾಡಲು ಕೋರಿ. ಗಾಳಿಯ ಒತ್ತಡವೇ ಅವರ ರಕ್ತದ ಹರಿವನ್ನು ತಡೆಯುತ್ತದೆ.

ವಾಸಿಯಾದ ಮೇಲೆ

ಮಕ್ಕಳಲ್ಲಿ ಎರಡರಿಂದ ಆರು ವಾರ ಕಣ್ಣಿಡಿ. ಮತ್ತೆ ಜ್ವರ, ಕೆಂಪು ಕಣ್ಣು, ಮೈಮೇಲೆ ಗಂಧೆ, ಹೊಟ್ಟೆನೋವು ಬಂದರೆ ಅದು ಕೊರೊನಾ ನಂತರದ ಉರಿಯೂತ ಇರಬಹುದು, ಹೃದಯದ ಸ್ನಾಯುವನ್ನೇ ಸೋಲಿಸುತ್ತದೆ. ಆಟೋಟಕ್ಕೆ ಇಳಿಯುವ ಮುನ್ನ ವೈದ್ಯರನ್ನು ಕೇಳಿ, ಮೆಟ್ಟಿಲು ಹತ್ತುವುದು, ನಡಿಗೆ ಎಂದು ಹಂತಹಂತವಾಗಿ ಹೆಚ್ಚಿಸಿ. ಆಪರೇಷನ್ ದಿನ ಗೊತ್ತಾಗಿದ್ದರೆ ಸೋಂಕಾದ ವಿಷಯವನ್ನು ಮುಚ್ಚಿಡಬೇಡಿ. ತುರ್ತಲ್ಲದ್ದನ್ನು ಕೆಲವು ವಾರ ಮುಂದೂಡುತ್ತಾರೆ.

ಲಸಿಕೆ ಹಾಕಿಸಿಕೊಳ್ಳಬಹುದೇ ಎಂಬ ಅನುಮಾನ ಹಲವರಿಗೆ. 2021ರ ಮಾರ್ಚ್‌ನಲ್ಲಿ ನಮ್ಮ ದೇಶದಲ್ಲಿ 45ರಿಂದ 59ರ ವಯಸ್ಸಿನವರ ಸರದಿ ಬಂದಾಗ, ಶ್ವಾಸಕೋಶದ ಒತ್ತಡ ತೀವ್ರವಾಗಿರುವ ಜನ್ಮಜಾತ ಹೃದ್ರೋಗವನ್ನು ಆದ್ಯತೆಯ ಪಟ್ಟಿಯಲ್ಲೇ ಸೇರಿಸಿದ್ದರು. ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಐಎನ್‌ಆರ್ ಮಿತಿಯೊಳಗಿದೆಯೇ ನೋಡಿಕೊಂಡು ಹೋಗಿ. ಸಣ್ಣ ಸೂಜಿಯಲ್ಲಿ ಚುಚ್ಚಲು ಹೇಳಿ, ಆಮೇಲೆ ಉಜ್ಜದೆ ಕನಿಷ್ಠ ಎರಡು ನಿಮಿಷ ಹತ್ತಿಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ.