ಹಳೆಯ ಸೆಂಟ್‌ಓಎಸ್ 7ರಲ್ಲಿ ಹೊಸ ಜಿಲಿಬ್‌ಸಿ: ನನ್ನ ಅನುಭವ

ನಮ್ಮ ಕಚೇರಿಯ ಸರ್ವರಿನಲ್ಲಿರುವುದು ಸೆಂಟ್‌ಓಎಸ್ 7 ಎಂಬ ಲಿನಕ್ಸ್. ಅದರ ಜಿಲಿಬ್‌ಸಿ, ಅಂದರೆ ಬಹುಪಾಲು ಪ್ರೋಗ್ರಾಮುಗಳು ಆಧರಿಸುವ ಮೂಲ ಸಿ ಲೈಬ್ರರಿ, 2.17ನೆಯ ಆವೃತ್ತಿ, ಕೊಂಡು ತಂದ ವರದಿ ತಂತ್ರಾಂಶಕ್ಕೆ ಬೇಕಾದದ್ದು 2.28. ಮಾರಿದವರು ಹೊಸ ಯಂತ್ರ ಕೊಳ್ಳಿ ಎಂದರು, ಅಂದಾಜು ಎರಡೂವರೆ ಲಕ್ಷದ ಮಾತು. ಗೆಳೆಯರು, ತಂತ್ರಾಂಶವನ್ನು ಅದಕ್ಕೆ ಬೇಕಾದ ಲೈಬ್ರರಿಗಳೊಡನೆ ಪ್ರತ್ಯೇಕ ಕಂಟೇನರಿನಲ್ಲಿ ಓಡಿಸುವ ಡಾಕರ್ ಬಳಸು ಎಂದರು. ಆದರೆ ಈ ತಂತ್ರಾಂಶ ಇದೇ ಯಂತ್ರದ ಹಳೆಯ ಸ್ಕ್ರಿಪ್ಟುಗಳನ್ನು ಕರೆಯುವುದರಿಂದ, ಅವನ್ನೆಲ್ಲ ಕಂಟೇನರಿನೊಳಗೆ ಸಾಗಿಸುವ ಉಸಾಬರಿ ನನಗೆ ಬೇಡವಾಗಿತ್ತು. ಎರಡು ಜಿಲಿಬ್‌ಸಿ ಒಂದೇ ಯಂತ್ರದಲ್ಲಿ ಬಾಳಲಾರವು ಎಂದು ಎಲ್ಲರೂ ತಲೆಯಾಡಿಸಿದರು.

ಮೊದಲ ದಿನವೇ ಜಿಲಿಬ್‌ಸಿಯ ಮುಖ್ಯ ಕಡತವಾದ ಲಿಬ್‌ಸಿಯತ್ತ ಬೊಟ್ಟುಮಾಡುವ ಸಿಮ್‌ಲಿಂಕನ್ನು ಹೊಸದಕ್ಕೆ ತಿರುಗಿಸುವ ಮೂರ್ಖತನ ಮಾಡಿದೆ. ಎಲ್‌ಎಸ್, ಸಿಪಿ, ಎಲ್‌ಎನ್‌ನಂಥ ದಿನಬಳಕೆಯ ಆಜ್ಞೆಗಳೆಲ್ಲವೂ ಒಟ್ಟಿಗೆ ಸತ್ತವು. ಪೂರ್ಣ ಅಧಿಕಾರದ ರೂಟ್ ಶೆಲ್ಲೊಂದು ತೆರೆದೇ ಇದ್ದುದರಿಂದ, ಯಾವ ಲೈಬ್ರರಿಯ ಹಂಗೂ ಇಲ್ಲದ ಎಸ್‌ಎಲ್‌ಎನ್ ಎಂಬ ಲಿಂಕ್ ಹಾಕುವ ಆಜ್ಞೆ ಬಳಸಿ ಲಿಂಕನ್ನು ಹಿಂದಿನಂತೆ ಮಾಡಿ ಬದುಕಿಕೊಂಡೆ. ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಎಲ್‌ಡಿ ಲೈಬ್ರರಿ ಪಾತ್ ಕೂಡ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಲೈಬ್ರರಿಗಳನ್ನು ಪ್ರೋಗ್ರಾಮಿಗೆ ಜೋಡಿಸುವ ಹಳೆಯ ಲೋಡರಿಗೂ ಹೊಸ ಲಿಬ್‌ಸಿಗೂ ಹೊಂದುವುದಿಲ್ಲ.

2.28ನ್ನು ಬೇರೆ ಪ್ರಿಫಿಕ್ಸಿನಲ್ಲಿ, ಅಂದರೆ ಪ್ರತ್ಯೇಕ ಫೋಲ್ಡರಿನಲ್ಲಿ, ಕಟ್ಟಲು ಯಂತ್ರದಲ್ಲಿದ್ದ ಕಂಪೈಲರ್ ಜಿಸಿಸಿ 4.8.5 ಮತ್ತು ಕಟ್ಟುವ ಸಾಧನ ಮೇಕ್ 3.82 ಸಾಲಲಿಲ್ಲ, ತಂತ್ರಾಂಶ ಸಿಗುವ ರೆಪೊಗಳು ವಾಲ್ಟ್ ಎಂಬ ಹಳೆಯ ಸಂಗ್ರಹಕ್ಕೆ ಹೋಗಿದ್ದುದರಿಂದ ಹೊಸ ಕಂಪೈಲರಿರುವ ಡೆವ್‌ಟೂಲ್‌ಸೆಟ್ ಹುಡುಕುವುದಕ್ಕೇ ಒಂದು ದಿನ ಹಿಡಿಯಿತು. ಕುತೂಹಲಕ್ಕೆ ಹೊಸ ಲೋಡರನ್ನೇ ನೇರವಾಗಿ ಕರೆದು ನೋಡಿದೆ. ತಂತ್ರಾಂಶ ಎದ್ದಿತು, ಆದರೆ ಓಡುತ್ತಿರುವ ಪ್ರೋಗ್ರಾಮುಗಳ ಮಾಹಿತಿ ಕೊಡುವ ಪ್ರಾಕ್‌ನಲ್ಲಿ ತನ್ನ ವಿಳಾಸವೆಂದು ಲೋಡರಿನದನ್ನು ಕಂಡು ತನ್ನ ಕಡತಗಳನ್ನೆಲ್ಲ ಅಲ್ಲಿ ಹುಡುಕಿ ಸೋತಿತು.

ಕೊನೆಗೆ ಬೈನರಿ ತಿದ್ದುವ ಸಾಧನವಾದ ಪ್ಯಾಚ್‌ಎಲ್ಫ್‌ನಿಂದ ತಂತ್ರಾಂಶದ ಬೈನರಿಯ ನಕಲಿನಲ್ಲಿ ಇಂಟರ್‌ಪ್ರಿಟರ್ (ಅಂದರೆ ಹೊಸ ಲೋಡರಿನ ವಿಳಾಸ) ಮತ್ತು ಲೈಬ್ರರಿಗಳ ಹುಡುಕುದಾರಿಯನ್ನು ಬರೆದೆ. ಪ್ಲಗಿನ್‌ಗಳು ಆಗಲೂ ಹಳೆಯ ಲೈಬ್ರರಿಗಳನ್ನೇ ಎತ್ತಿಕೊಂಡವು. ಪ್ಯಾಚ್‌ಎಲ್ಫ್ ತಾನಾಗಿ ಬರೆಯುವುದು ರನ್‌ಪಾತ್ ಎಂಬ ಬಗೆಯ ಹುಡುಕುದಾರಿ, ಅದು ಆ ಬೈನರಿಯ ನೇರ ಅವಲಂಬನೆಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ಹೊಳೆಯಲು ಮೂರು ರಾತ್ರಿ ಬೇಕಾಯಿತು. ಅವಲಂಬನೆಗಳ ಅವಲಂಬನೆಗಳಿಗೂ ಅನ್ವಯಿಸುವ ಆರ್‌ಪಾತನ್ನು ಒತ್ತಾಯಪೂರ್ವಕವಾಗಿ ಕೊಟ್ಟೊಡನೆ ಎಲ್ಲವೂ ಸಾಲಾಗಿ ನಿಂತವು. ಆರ್‌ಪಾತ್ ಬೈನರಿಯೊಳಗೇ ಉಳಿಯುವುದರಿಂದ ಹಳೆಯ ಸ್ಕ್ರಿಪ್ಟುಗಳಿಗೆ ಅದರ ಸೋಂಕು ತಗುಲಲಿಲ್ಲ.

ಮರುದಿನದ ವರದಿಗಳಲ್ಲಿ ಸಮಯ ಮಾತ್ರ ಐದೂವರೆ ಗಂಟೆ ಹಿಂದಿತ್ತು. ಹೊಸ ಜಿಲಿಬ್‌ಸಿ ಸಮಯವಲಯ ತಿಳಿಸುವ ಲೋಕಲ್‌ಟೈಮ್ ಕಡತವನ್ನು ತನ್ನ ಪ್ರಿಫಿಕ್ಸಿನ ಇಟಿಸಿ ಫೋಲ್ಡರಿನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಯುಟಿಸಿ ಸಮಯ ಹಿಡಿಯುತ್ತದೆ ಎಂಬಷ್ಟು ಸುಳಿವು ಸಾಕು. ಲೊಕೇಲ್‌ಗೆ, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗಿಗೆ, ಮಾಡಿದ ಉಪಾಯವನ್ನು ಮಾತ್ರ ಸದ್ಯ ಕೈಯಲ್ಲೇ ಇಟ್ಟುಕೊಂಡಿದ್ದೇನೆ. ಸುಮಾರು ಎಂಟು ತಿಂಗಳಾಯಿತು, ಆ ಎರಡೂವರೆ ಲಕ್ಷ ಇನ್ನೂ ಖರ್ಚಾಗಿಲ್ಲ.